ನೋಡದ ಬಿಪಿ, ಬರೆದ ಅಂಕಿ: ನರ್ಸಿಂಗ್ ಕಾಲೇಜಿನಲ್ಲಿ ಅಶಿಸ್ತಿನ ಪ್ರಕರಣ ನಿಭಾಯಿಸುವ ಬಗೆ

ಬೇರೆ ಕಾಲೇಜಿನಲ್ಲಿ ವಿದ್ಯಾರ್ಥಿ ನಕಲು ಹೊಡೆದರೆ ಕೆಡುವುದು ಅವನ ಅಂಕಪಟ್ಟಿ. ನರ್ಸಿಂಗ್ ವಿದ್ಯಾರ್ಥಿ ನೋಡದ ಬಿಪಿಯನ್ನು ನೋಡಿದೆನೆಂದು ಬರೆದರೆ, ಆ ಅಂಕಿ ಇಟ್ಟುಕೊಂಡೇ ವೈದ್ಯರು ಮುಂದಿನ ಡೋಸ್ ಬರೆಯುತ್ತಾರೆ. ನರ್ಸಿಂಗ್ ಕಾಲೇಜಿನ ಶಿಸ್ತು ಕ್ರಮ ಉಳಿದವರದ್ದಕ್ಕಿಂತ ಬಿಗಿಯಾಗಿರುವುದು ಇದಕ್ಕೇ. ಹಾಗೆಂದು ಎಲ್ಲದಕ್ಕೂ ಒಂದೇ ಕೋಲು ಎತ್ತಬಾರದು. ಡೋಸ್ ತಪ್ಪಿ, ಐದೇ ನಿಮಿಷದಲ್ಲಿ ಓಡಿಬಂದು ಸಿಸ್ಟರ್‌ಗೆ ಹೇಳಿದವಳನ್ನೂ, ಔಷಧಿ ಕೊಡದೆಯೇ ಕೊಟ್ಟೆನೆಂದು ಸಹಿ ಹಾಕಿದವಳನ್ನೂ ಒಂದೇ ಸಮಿತಿಯ ಮುಂದೆ ಒಂದೇ ಆರೋಪದ ಮೇಲೆ ನಿಲ್ಲಿಸಿ ನೋಡಿ: ತಪ್ಪಾದರೆ ಬಾಯಿ ಬಿಡಬಾರದು ಎಂಬುದನ್ನು ಮುಂದಿನ ಬ್ಯಾಚು ಚೆನ್ನಾಗಿ ಕಲಿಯುತ್ತದೆ. ಆದ್ದರಿಂದ ತಪ್ಪನ್ನು ತಪ್ಪಿನ ದಾರಿಯಲ್ಲಿ, ಸುಳ್ಳನ್ನು ಸುಳ್ಳಿನ ದಾರಿಯಲ್ಲಿ ಕಳಿಸುವುದೇ ಇಡೀ ಕೆಲಸದ ತಿರುಳು.

ಇಲ್ಲಿರುವುದು ಮುಖ್ಯವಾಗಿ ಬೋಧಕರಿಗೆ, ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗಳಿಗೆ, ಪ್ರಾಂಶುಪಾಲರಿಗೆ. ನೋಟಿಸ್ ಕೈಗೆ ಬಂದ ವಿದ್ಯಾರ್ಥಿಗೂ ಕೊನೆಯ ಹತ್ತಿರ ಒಂದು ಭಾಗವಿದೆ.

ಪ್ರಕರಣ ಬರುವ ಮೊದಲೇ ಆಗಿರಬೇಕಾದದ್ದು

ನಿಯಮ ಬರಹದಲ್ಲಿರಬೇಕು, ವಿದ್ಯಾರ್ಥಿ ಅದನ್ನು ಓದಿ ಸಹಿ ಹಾಕಿರಬೇಕು. ಪ್ರವೇಶದ ದಿನ ನಲವತ್ತು ಕಾಗದಗಳ ನಡುವೆ ಹಾಕಿಸಿಕೊಂಡ ಸಹಿ ಹೆಸರಿಗಷ್ಟೇ. ಪ್ರತಿ ಕ್ಲಿನಿಕಲ್ ಪೋಸ್ಟಿಂಗ್ (ವಾರ್ಡಿನಲ್ಲಿ ತರಬೇತಿಯ ಅವಧಿ) ಶುರುವಾಗುವ ಮುನ್ನ ಅರ್ಧ ಗಂಟೆ ಕೂರಿಸಿ, ಆ ವಾರ್ಡಿಗೆ ಸಂಬಂಧಿಸಿದ ಉದಾಹರಣೆ ಕೊಟ್ಟು ಹೇಳಿ, ಮತ್ತೆ ಸಹಿ ತೆಗೆದುಕೊಳ್ಳಿ. "ಅಪ್ರಾಮಾಣಿಕತೆ ಸಲ್ಲದು" ಎಂದರೆ ಯಾರಿಗೂ ಏನೂ ತಿಳಿಯದು. "ನೀವು ನೋಡದ ನಾಡಿಯನ್ನು ಬರೆಯುವುದು, ಉಳಿದ ಔಷಧಿ ಚೆಲ್ಲುವುದನ್ನು ನೀವು ಕಾಣದೆಯೇ ಅದಕ್ಕೆ ಸಾಕ್ಷಿ ಸಹಿ ಹಾಕುವುದು, ಗೆಳತಿಯ ಹಾಜರಿ ನೀವು ಹಾಕುವುದು, ಹಿಂದಿನ ಬ್ಯಾಚಿನ ಕೇರ್ ಪ್ಲಾನ್ (ರೋಗಿಯ ಆರೈಕೆ ಯೋಜನೆ) ನಿಮ್ಮದೆಂದು ಕೊಡುವುದು" ಎಂದು ಬಿಡಿಸಿ ಬರೆಯಿರಿ.

ನಿಯಮದಲ್ಲಿ ಇನ್ನೂ ನಾಲ್ಕು ವಿಷಯ ಇರಲೇಬೇಕು: ದೂರು ಯಾರಿಗೆ ಹೋಗುತ್ತದೆ, ಸಮಿತಿಯಲ್ಲಿ ಯಾರಿರುತ್ತಾರೆ, ಯಾವ ಮಟ್ಟದ ಪುರಾವೆ ಬೇಕು, ಯಾವ ಹಂತಕ್ಕೆ ಎಷ್ಟು ದಿನ. ಘಟನೆ ನಡೆದ ಮೇಲೆ ಇವನ್ನು ತೀರ್ಮಾನಿಸಲು ಕೂತರೆ, ನಿಯಮವನ್ನೇ ಆ ಒಬ್ಬ ವಿದ್ಯಾರ್ಥಿಯ ಅಳತೆಗೆ ಹೊಲಿದಂತೆ ಆಗುತ್ತದೆ. ಮೇಲ್ಮನವಿಯಲ್ಲಿ ಅದು ಮೊದಲ ಏಟಿಗೇ ಬಿದ್ದುಹೋಗುತ್ತದೆ.

ಮೊದಲ ಒಂದು ಗಂಟೆ: ರೋಗಿ ಮೊದಲು, ವಿದ್ಯಾರ್ಥಿ ಆಮೇಲೆ

ವಾರ್ಡಿನಲ್ಲಿ ಸುಳ್ಳು ದಾಖಲೆಯ ಅನುಮಾನ ಬಂದ ಕೂಡಲೇ ಮಾಡಬೇಕಾದದ್ದು ರೋಗಿಯನ್ನು ಮತ್ತೆ ಪರೀಕ್ಷಿಸುವುದು. ಬಿಪಿ, ನಾಡಿ, ಉಸಿರಾಟ, ಜ್ವರ, ಬೇಕಿದ್ದರೆ ಸಕ್ಕರೆ, ಎಲ್ಲವನ್ನೂ ಇನ್ನೊಬ್ಬ ಅರ್ಹ ಸಿಬ್ಬಂದಿಯಿಂದ ಮತ್ತೆ ನೋಡಿಸಿ. ವಾರ್ಡ್ ಇನ್‌ಚಾರ್ಜ್‌ಗೂ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೂ ಹೇಳಿ. ಆ ಸುಳ್ಳು ಅಂಕಿಯನ್ನು ನಂಬಿ ಔಷಧಿ ಕೊಟ್ಟಿದ್ದರೆ ಅಥವಾ ತಡೆಹಿಡಿದಿದ್ದರೆ ಅದು ಅವರಿಗೆ ಆಗಲೇ ಗೊತ್ತಾಗಬೇಕು. ಕಾಲೇಜಿನ ಮಾನ ಹೋಗುತ್ತದೆಂದು ಸಂಜೆವರೆಗೆ ಮುಚ್ಚಿಟ್ಟರೆ, ವಿದ್ಯಾರ್ಥಿ ಮಾಡಿದ್ದನ್ನೇ ಬೋಧಕರೂ ಮಾಡಿದಂತಾಯಿತು.

ಚಾರ್ಟಿನ ಹಾಳೆ ಹರಿಯಬೇಡಿ, ವೈಟ್ನರ್ ಹಚ್ಚಬೇಡಿ, ಹೊಸ ಹಾಳೆಗೆ ಇಳಿಸಬೇಡಿ. ತಪ್ಪು ನಮೂದಿನ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದ ಅಂಕಿ, ದಿನಾಂಕ, ಸಮಯ, ಸಹಿ ಹಾಕುವುದು ರೂಢಿಯ ಕ್ರಮ. ಅದನ್ನು ಆಸ್ಪತ್ರೆಯ ಸಿಬ್ಬಂದಿ ಮಾಡಲಿ. ಗೆರೆ ಎಳೆಯುವ ಮುನ್ನ ಆ ಪುಟದ ಪ್ರತಿಯನ್ನು ಆಸ್ಪತ್ರೆಯ ಅನುಮತಿ ಪಡೆದು ತೆಗೆಸಿ, ಹೆಸರು, ಆಸ್ಪತ್ರೆ ಸಂಖ್ಯೆ, ಹಾಸಿಗೆ ಸಂಖ್ಯೆ ಮುಚ್ಚಿಸಿ. ಮೊಬೈಲಿನಲ್ಲಿ ಫೋಟೋ ಹೊಡೆದು ಬೋಧಕರ ವಾಟ್ಸಾಪ್ ಗುಂಪಿಗೆ ಹಾಕುವುದು ಬಹಳ ಕಡೆ ನಡೆಯುತ್ತದೆ. ರೋಗಿಯ ಗೌಪ್ಯತೆ ಮುರಿದಳೆಂದು ವಿದ್ಯಾರ್ಥಿನಿಯನ್ನು ಹಿಡಿಯಲು ಹೊರಟವರೇ ಆ ಗೌಪ್ಯತೆ ಮುರಿದಿರುತ್ತಾರೆ.

ವಿದ್ಯಾರ್ಥಿಯನ್ನು ರೋಗಿಗಳ ಎದುರು, ಸಹಪಾಠಿಗಳ ಎದುರು ಬೈಯಬೇಡಿ. ಪಕ್ಕಕ್ಕೆ ಕರೆದು "ಈ ಚಾರ್ಟಿನ ವಿಷಯದಲ್ಲಿ ಪ್ರಶ್ನೆ ಎದ್ದಿದೆ, ಈ ಪಾಳಿಯ ಮಟ್ಟಿಗೆ ನೀವು ರೋಗಿಗಳ ಹತ್ತಿರ ಹೋಗುವುದು ಬೇಡ, ಲಿಖಿತವಾಗಿ ತಿಳಿಸುತ್ತೇವೆ" ಎಂದರೆ ಸಾಕು. ಅಲ್ಲೇ ಕೂರಿಸಿ ತಪ್ಪೊಪ್ಪಿಗೆ ಬರೆಸಿಕೊಳ್ಳುವ ಆತುರ ಬೇಡ. ನರ್ಸಿಂಗ್ ಸ್ಟೇಷನ್ನಿನಲ್ಲಿ ಮೂವರು ಸುತ್ತುವರಿದು ಬರೆಸಿದ ಮುಚ್ಚಳಿಕೆ ಮೇಲ್ಮನವಿಯಲ್ಲಿ ನಿಮಗೇ ತಿರುಗುಬಾಣ.

ಅದೇ ದಿನ ವರದಿ ಬರೆಯಿರಿ. ಒಂದು ಪುಟ ಸಾಕು: ಯಾರು, ಎಲ್ಲಿ, ಎಷ್ಟು ಗಂಟೆಗೆ, ಏನು ಕಂಡಿತು, ಯಾರು ಜೊತೆಗಿದ್ದರು, ರೋಗಿಗೆ ಏನು ಮಾಡಲಾಯಿತು. "ಸೋಮಾರಿ", "ಮೊದಲಿನಿಂದಲೂ ಹೀಗೇ" ಎಂಬ ಮಾತುಗಳಿಗೆ ಅಲ್ಲಿ ಜಾಗವಿಲ್ಲ.

ತಪ್ಪೋ, ಸುಳ್ಳೋ: ವಿಂಗಡಣೆ

ದೂರು ಕೈಗೆ ಬಂದವರು ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವ ಜಾತಿಯ ದೋಷ? ಆರೋಗ್ಯ ಕ್ಷೇತ್ರದಲ್ಲಿ ಸುರಕ್ಷತಾ ತಜ್ಞ ಡೇವಿಡ್ ಮಾರ್ಕ್ಸ್ ಮುಂದಿಟ್ಟ ಮೂರು ಭಾಗಗಳ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಮನುಷ್ಯಸಹಜ ತಪ್ಪಾದರೆ ಧೈರ್ಯ ಹೇಳಿ, ವ್ಯವಸ್ಥೆ ಸರಿಮಾಡಿ. ಅಪಾಯ ಗೊತ್ತಾಗದೆ ಅಡ್ಡದಾರಿ ಹಿಡಿದಿದ್ದರೆ ತಿದ್ದಿ, ಕಲಿಸಿ. ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದರೆ ಮಾತ್ರ ದಂಡನೆ.

ಬಿಗಿ ಹತೋಟಿಯ ನೋವುನಿವಾರಕ ಮಾರ್ಫಿನ್‌ನ 10 ಮಿಲಿಗ್ರಾಂ ಆಂಪೂಲ್ (ಗಾಜಿನ ಪುಟ್ಟ ಸೀಸೆ) ಒಡೆದು 4 ಮಿಲಿಗ್ರಾಂ ಕೊಡಬೇಕಿತ್ತು ಎನ್ನಿ. ಲೆಕ್ಕ ತಪ್ಪಿ 6 ಎಳೆದು, ಕೊಡುವ ಮೊದಲು ಸಿಸ್ಟರ್ ಹಿಡಿದರೆ ಅದು ಲೆಕ್ಕದ ತಪ್ಪು. ಡೋಸ್ ಲೆಕ್ಕಾಚಾರ ಮತ್ತೆ ಕಲಿಸಬೇಕು. ಸರಿಯಾಗಿ 4 ಕೊಟ್ಟ ಮೇಲೆ ಉಳಿದ 6 ಮಿಲಿಗ್ರಾಂ ಚೆಲ್ಲುವುದನ್ನು ಕಣ್ಣಾರೆ ನೋಡದೆ "ಸಿಸ್ಟರ್ ಹಾಕು ಅಂದರು" ಎಂದು ಸಾಕ್ಷಿ ಕಾಲಮಿನಲ್ಲಿ ಸಹಿ ಹಾಕಿದ್ದರೆ ಅಡ್ಡದಾರಿ. ವಿದ್ಯಾರ್ಥಿಯಷ್ಟೇ ಸಹಿ ಹಾಕಿಸಿದವರನ್ನೂ ಕೇಳಬೇಕು. ಕೊಡದ 4 ಮಿಲಿಗ್ರಾಂ ಕೊಟ್ಟೆನೆಂದು ಬರೆದು ಆಂಪೂಲ್ ಮಾಯವಾಗಿದ್ದರೆ ಅದು ಕಾಲೇಜಿನ ಶಿಸ್ತು ಸಮಿತಿಯೊಳಗೆ ಮುಗಿಯುವ ವಿಷಯವೇ ಅಲ್ಲ. ಆಸ್ಪತ್ರೆಯ ಆಡಳಿತಕ್ಕೂ, ಕಾನೂನು ಹೇಳಿದಲ್ಲಿ ಪೊಲೀಸರಿಗೂ ಹೋಗಬೇಕು.

ಇನ್ನೊಂದು ಗೆರೆಯನ್ನೂ ಇಲ್ಲೇ ಎಳೆದುಕೊಳ್ಳಿ. ಕೌಶಲ ಸಾಲದು ಎಂದು ಫೇಲು ಮಾಡುವುದು ಬೇರೆ, ದುರ್ನಡತೆಗೆಂದು ಹೊರಹಾಕುವುದು ಬೇರೆ. ಅಮೆರಿಕದಲ್ಲಿ 1961ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು, ಸರ್ಕಾರಿ ಕಾಲೇಜು ವಿದ್ಯಾರ್ಥಿಯನ್ನು ದುರ್ನಡತೆಗೆಂದು ಉಚ್ಚಾಟಿಸುವ ಮೊದಲು ನೋಟಿಸ್ ಕೊಟ್ಟು ಮಾತು ಕೇಳಲೇಬೇಕು ಎಂದಿತು. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ಕ್ಲಿನಿಕಲ್ ಸಾಮರ್ಥ್ಯ ಸಾಲದೆಂಬ ಶೈಕ್ಷಣಿಕ ತೀರ್ಮಾನಕ್ಕೆ ಅಂಥ ಔಪಚಾರಿಕ ವಿಚಾರಣೆ ಬೇಕಿಲ್ಲ ಎಂದಿತು. ದೇಶ ಯಾವುದೇ ಇರಲಿ, ಈ ವ್ಯತ್ಯಾಸ ಮರೆಯಬಾರದು. ಸುಳ್ಳು ಹೇಳಿದ ಹುಡುಗನನ್ನು ವಿಚಾರಣೆಯ ರಗಳೆ ಬೇಡವೆಂದು ಸುಮ್ಮನೆ ಪ್ರಾಕ್ಟಿಕಲ್‌ನಲ್ಲಿ ಫೇಲು ಮಾಡುವ ಜಾಣತನ ಕೆಲವರಿಗಿದೆ. ಅದು ಅನ್ಯಾಯವೂ ಹೌದು, ದಡ್ಡತನವೂ ಹೌದು: ಅವನು ಮುಂದಿನ ಸಲ ಚೆನ್ನಾಗಿ ಇಂಜೆಕ್ಷನ್ ಹಾಕಿ ಪಾಸಾಗುತ್ತಾನೆ, ಸುಳ್ಳು ಹಾಗೇ ಉಳಿಯುತ್ತದೆ.

ಪುರಾವೆ: ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ

ವೈಟಲ್ಸ್ (ಬಿಪಿ, ನಾಡಿ, ಉಸಿರಾಟ, ಜ್ವರದ ಅಂಕಿಗಳ) ಚಾರ್ಟನ್ನು ಹತ್ತಿರದಿಂದ ಓದುವುದನ್ನು ಕಲಿಯಿರಿ. ಆರು ರೋಗಿಗಳ ಬಿಪಿ, ನಾಡಿ, ಉಸಿರಾಟ, ಜ್ವರ ಸರಿಯಾಗಿ ನೋಡಲು ಒಬ್ಬೊಬ್ಬರಿಗೆ 4-5 ನಿಮಿಷ, ಒಟ್ಟು ಅರ್ಧ ಗಂಟೆ ಹಿಡಿಯುತ್ತದೆ. ಆರೂ ಜನರ ಮುಂದೆ 10 ಗಂಟೆ ಎಂದಿದ್ದರೆ ಅದೊಂದೇ ಸುಳ್ಳಿಗೆ ಸಾಕ್ಷಿಯಾಗದು; ಬಹಳ ವಾರ್ಡುಗಳಲ್ಲಿ ಸುತ್ತಿನ ಸಮಯವನ್ನೇ ಬರೆಯುವ ರೂಢಿ. ಆದರೆ ಆರೂ ಜನರ ಉಸಿರಾಟ 18 ಎಂದಿದ್ದು, ಅವರಲ್ಲೊಬ್ಬರು ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿದ್ದರೆ ಮಾತು ಬೇರೆ.

ಮುಳ್ಳಿನ ಅಥವಾ ಪಾದರಸದ ಬಿಪಿ ಯಂತ್ರದಲ್ಲಿ ಗೆರೆಗಳು 2 ಮಿಲಿಮೀಟರಿಗೊಂದು. ಅದರಲ್ಲಿ ನೋಡಿದ ಬಿಪಿ ಸರಿಸಂಖ್ಯೆಯಲ್ಲೇ ಬರಬೇಕು. ಡಿಜಿಟಲ್ ಯಂತ್ರವಿಲ್ಲದ ವಾರ್ಡಿನಲ್ಲಿ 117/73 ಎಂದು ಬರೆದಿದ್ದರೆ "ಯಾವ ಯಂತ್ರದಲ್ಲಿ ನೋಡಿದಿರಿ?" ಎಂದು ಕೇಳುವುದು ನ್ಯಾಯ. ಅದೇ ರೀತಿ 30 ಸೆಕೆಂಡ್ ಎಣಿಸಿ ದುಪ್ಪಟ್ಟು ಮಾಡಿದವರ ನಾಡಿ ಯಾವಾಗಲೂ ಸರಿಸಂಖ್ಯೆ, 15 ಸೆಕೆಂಡ್ ಎಣಿಸಿದವರದ್ದು ನಾಲ್ಕರ ಗುಣಕ. ಹಾಗಾಗಿ 72, 76, 80 ಸಾಲಾಗಿ ಬಂದರೆ ಕೂಡಲೇ ಸುಳ್ಳೆನ್ನಬೇಡಿ, ಎಣಿಸುವ ವಿಧಾನ ಅರ್ಧಂಬರ್ಧ ಇರಬಹುದು, ಅದನ್ನು ತಿದ್ದಬೇಕು. ಗ್ಲುಕೋಮೀಟರು ತನ್ನ ನೆನಪಿನಲ್ಲಿ ದಿನಾಂಕ, ಸಮಯದೊಂದಿಗೆ ಅಂಕಿಗಳನ್ನು ಇಟ್ಟುಕೊಂಡಿರುತ್ತದೆ. ಚಾರ್ಟಿನ ಅಂಕಿ ಯಂತ್ರದಲ್ಲಿಲ್ಲದಿದ್ದರೆ ಅದು ಬಲವಾದ ಪುರಾವೆ, ಆದರೆ ಮೊದಲು ಯಂತ್ರದ ಗಡಿಯಾರ ಸರಿಯಿದೆಯೇ, ವಾರ್ಡಿನಲ್ಲಿ ಇನ್ನೊಂದು ಯಂತ್ರ ಇತ್ತೇ ನೋಡಿ. ಕಂಪ್ಯೂಟರ್ ದಾಖಲೆ ಇರುವ ಆಸ್ಪತ್ರೆಯಲ್ಲಿ ಯಾರ ಲಾಗಿನ್‌ನಿಂದ ಎಷ್ಟು ಗಂಟೆಗೆ ನಮೂದಾಯಿತು ಎಂಬ ಜಾಡು ಸಿಗುತ್ತದೆ. 10ಕ್ಕೆ ನೋಡಿದ್ದನ್ನು 12ಕ್ಕೆ ಏರಿಸಿದ್ದು ಅಪರಾಧವಲ್ಲ. 10ಕ್ಕೆ ವಿದ್ಯಾರ್ಥಿ ವಾರ್ಡಿನಲ್ಲೇ ಇರಲಿಲ್ಲ ಎಂದಾದರೆ ಅಪರಾಧ.

ಕೇರ್ ಪ್ಲಾನ್ ನಕಲು ಹಿಡಿಯಲು ಸಾಫ್ಟ್‌ವೇರ್ ಕೊಡುವ ಶೇಕಡಾವಾರು ನಂಬಿ ಕೂರಬೇಡಿ. ಅದರಲ್ಲಿ ಬರುವ ನರ್ಸಿಂಗ್ ಡಯಾಗ್ನೋಸಿಸ್‌ಗಳು, ಅಂದರೆ ನರ್ಸ್ ಗುರುತಿಸುವ ರೋಗಿಯ ತೊಂದರೆಗಳು, ಸಿದ್ಧ ವಾಕ್ಯಗಳು. ಪ್ರಾಮಾಣಿಕವಾಗಿ ಬರೆದವರ ಪ್ಲಾನಿನಲ್ಲೂ ಹೋಲಿಕೆ ಹೆಚ್ಚೇ ಬರುತ್ತದೆ. ನಕಲು ಸಿಕ್ಕಿಬೀಳುವುದು ರೋಗಿಗೆ ಹೊಂದದ ವಿವರದಲ್ಲಿ. ಮೊಣಕಾಲಿನ ಕೆಳಗೆ ಬಲಗಾಲು ತೆಗೆದಿರುವ ರೋಗಿಯ ಕಡತದಲ್ಲಿ "ಎರಡೂ ಪಾದಗಳ ನಾಡಿ ಸ್ಪಷ್ಟವಾಗಿ ಸಿಗುತ್ತದೆ" ಎಂದು ಬರೆದಿದ್ದರೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಅಂಥ ಮೂರು ವಿವರ ಗುರುತು ಹಾಕಿಕೊಂಡು, ಹಿಂದಿನ ಬ್ಯಾಚಿನ ಪ್ಲಾನನ್ನು ಪಕ್ಕದಲ್ಲಿಟ್ಟು, ಹೋಲುವ ಸಾಲುಗಳಿಗೆ ಅಡಿಗೆರೆ ಎಳೆದು ಕಡತಕ್ಕೆ ಸೇರಿಸಿ.

ಎಐ ಬರೆದದ್ದೆಂಬ ಅನುಮಾನಕ್ಕೂ ಇದೇ ನಿಯಮ. ಪತ್ತೆಹಚ್ಚುವ ಸಾಧನಗಳ ಮೇಲೆ ಭಾರ ಹಾಕಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಬಿಟ್ಟ ತನ್ನ ಪತ್ತೆ ಸಾಧನವನ್ನು, ನಿಖರತೆ ಕಡಿಮೆ ಎಂಬ ಕಾರಣಕ್ಕೆ ಅದೇ ವರ್ಷ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಉಲ್ಲೇಖಪಟ್ಟಿಯಲ್ಲಿರುವ ಲೇಖನಗಳು ನಿಜವಾಗಿ ಇವೆಯೇ ಎಂದು ಒಂದೊಂದಾಗಿ ಹುಡುಕಿ. ಇಲ್ಲದ ಲೇಖನ ಅಲ್ಲಿದ್ದರೆ ಅದು ಗಟ್ಟಿ ಪುರಾವೆ. ಇನ್ನೊಂದು ಉಪಾಯ ಹತ್ತು ನಿಮಿಷದ ಮೌಖಿಕ ಪ್ರಶ್ನೆ: "ಈ ರೋಗಿಗೆ ಈ ಗುರಿ ಏಕೆ ಇಟ್ಟಿರಿ? ಎರಡನೇ ದಿನ ಏನು ಬದಲಾಯಿತು?" ತಾನೇ ನೋಡಿ ಬರೆದವಳು ತಡವರಿಸಿಯಾದರೂ ಉತ್ತರ ಹೇಳುತ್ತಾಳೆ. ಹೆದರಿಕೆಯಿಂದ ಬಾಯಿ ಕಟ್ಟುವವರೂ ಇರುತ್ತಾರೆ, ಅದಕ್ಕೇ ಇದೊಂದರ ಮೇಲೆ ತೀರ್ಪು ಬೇಡ.

ಲಿಖಿತ ಪರೀಕ್ಷೆಯಲ್ಲಿ ಚೀಟಿ ಅಥವಾ ಮೊಬೈಲ್ ಸಿಕ್ಕರೆ ಅದನ್ನು ತೆಗೆದುಕೊಂಡು, ಉತ್ತರ ಪತ್ರಿಕೆಯಲ್ಲಿ ಅಲ್ಲಿಯವರೆಗೆ ಬರೆದಿದ್ದಕ್ಕೆ ಗೆರೆ ಎಳೆದು ಸಮಯ ನಮೂದಿಸಿ, ಹೊಸ ಪತ್ರಿಕೆ ಕೊಟ್ಟು ಪರೀಕ್ಷೆ ಮುಗಿಸಲು ಬಿಡಿ; ನಿಮ್ಮ ವಿಶ್ವವಿದ್ಯಾಲಯದ ನಿಯಮ ಬೇರೆ ಹೇಳಿದ್ದರೆ ಅದೇ ಅಂತಿಮ. ನಾಳೆ ಆರೋಪ ಬಿದ್ದುಹೋದರೆ ಕಳೆದ ಪರೀಕ್ಷೆಯನ್ನು ಯಾರೂ ಮರಳಿ ಕೊಡಲಾರರು. ಮೊಬೈಲಿನೊಳಗೆ ಕೈಯಾಡಿಸಬೇಡಿ, ಆರಿಸಿ, ಲಕೋಟೆಗೆ ಹಾಕಿ, ವಿದ್ಯಾರ್ಥಿಯ ಎದುರೇ ಅಂಟಿಸಿ, ಇಬ್ಬರ ಸಹಿ ಹಾಕಿಸಿ. ಬಹು ಆಯ್ಕೆ ಪ್ರಶ್ನೆಗಳಲ್ಲಿ ಇಬ್ಬರ ಸರಿ ಉತ್ತರ ಒಂದೇ ಆಗಿದ್ದರೆ ಅರ್ಥವಿಲ್ಲ, ಓದಿದವರೆಲ್ಲರ ಸರಿ ಉತ್ತರ ಒಂದೇ. ಒಂದೇ ಪ್ರಶ್ನೆಗಳಲ್ಲಿ ಒಂದೇ ತಪ್ಪು ಉತ್ತರ ಮತ್ತೆ ಮತ್ತೆ ಬಂದು, ಆಸನ ನಕ್ಷೆಯಲ್ಲಿ ಅವರು ಅಕ್ಕಪಕ್ಕ ಇದ್ದರೆ ಆಗ ಕೂರಿಸಿ ಕೇಳಬಹುದು. ಯಾರು ಯಾರನ್ನು ನೋಡಿ ಬರೆದರು ಎಂಬುದನ್ನು ಮಾತ್ರ ಅಂಕಿ ಹೇಳದು.

ಲಾಗ್ ಬುಕ್ಕಿನ (ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಪುಸ್ತಕ) ಸುಳ್ಳು ಗಂಟೆಗಳನ್ನು ಹಗುರವಾಗಿ ನೋಡುವ ಅಭ್ಯಾಸ ಹೆಚ್ಚು. "ಎಲ್ಲರೂ ಹಾಕುತ್ತಾರೆ, ಎರಡು ಹೆರಿಗೆ ನೋಡಿ ಐದು ಅಂತ ಬರೀತಾರೆ." 2023ರ ಜನವರಿಯಲ್ಲಿ ಅಮೆರಿಕದ ತನಿಖಾಧಿಕಾರಿಗಳು ಬಯಲಿಗೆಳೆದ ಜಾಲದಲ್ಲಿ ಫ್ಲಾರಿಡಾದ ಶಾಲೆಗಳ ಹೆಸರಿನ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಪದವಿಪತ್ರಗಳು ಮಾರಾಟವಾಗಿದ್ದವು, ಕೊಂಡವರು ಬೇಕಾದ ಕ್ಲಿನಿಕಲ್ ತರಬೇತಿಯನ್ನೇ ಮಾಡಿರಲಿಲ್ಲ. ಲಾಗ್ ಬುಕ್ಕಿನಲ್ಲಿ ಸೇರಿಸಿದ ಮೂರು ಹೆರಿಗೆ ಅದೇ ದಾರಿಯ ಮೊದಲ ಮೆಟ್ಟಿಲು. ವಾರ್ಡಿನ ರಿಜಿಸ್ಟರ್, ಪಾಳಿ ಪಟ್ಟಿ, ಇನ್‌ಚಾರ್ಜ್ ಸಹಿ ಮೂರನ್ನೂ ತಾಳೆ ನೋಡಿ.

ತಾತ್ಕಾಲಿಕ ತಡೆ

ರೋಗಿಗೆ ಅಪಾಯವಿದ್ದರೆ ಮಾತ್ರ ವಿಚಾರಣೆಗೆ ಮೊದಲೇ ಕ್ಲಿನಿಕಲ್ ಪೋಸ್ಟಿಂಗ್ ನಿಲ್ಲಿಸಿ. ತರಗತಿ, ಗ್ರಂಥಾಲಯ, ಲ್ಯಾಬ್ ನಿಲ್ಲಿಸಲು ಕಾರಣ ಬೇರೆಯೇ ಬೇಕು. ಇದು ಶಿಕ್ಷೆಯಲ್ಲ ಎಂದು ಪತ್ರದಲ್ಲೇ ಬರೆಯಿರಿ, ಯಾವ ದಿನ ಮರುಪರಿಶೀಲನೆ ಎಂಬುದನ್ನೂ ಬರೆಯಿರಿ. ಆರೋಪ ನಿಲ್ಲದಿದ್ದರೆ ಕಳೆದ ಗಂಟೆಗಳನ್ನು ಹೇಗೆ ತುಂಬಿಕೊಡುತ್ತೀರಿ ಎಂಬುದೂ ಆ ಪತ್ರದಲ್ಲಿರಲಿ.

ಕಾರಣ ಕೇಳಿ ನೋಟಿಸ್

ಪ್ರಕರಣಗಳು ಅತಿ ಹೆಚ್ಚು ಎಡವುವುದು ಈ ಒಂದು ಹಾಳೆಯಲ್ಲಿ. ಕೆಟ್ಟ ನೋಟಿಸ್ ಹೀಗಿರುತ್ತದೆ: "ನೀವು ವಾರ್ಡಿನಲ್ಲಿ ವೃತ್ತಿಗೆ ತಕ್ಕುದಲ್ಲದ ರೀತಿಯಲ್ಲಿ ನಡೆದುಕೊಂಡಿದ್ದು, ಏಕೆ ಕ್ರಮ ಕೈಗೊಳ್ಳಬಾರದು?" ಇದಕ್ಕೆ ಯಾರು ಏನು ಉತ್ತರ ಕೊಡಬಲ್ಲರು? ಸರಿಯಾದದ್ದು ಹೀಗೆ: "ತಾರೀಖು ಇಂಥದ್ದರಂದು, ಪುರುಷರ ಮೆಡಿಕಲ್ ವಾರ್ಡಿನಲ್ಲಿ, ಬೆಳಗಿನ ಪಾಳಿಯಲ್ಲಿ, ಇಂತಿಂಥ ಆರು ಹಾಸಿಗೆಗಳ ರೋಗಿಗಳ 10 ಗಂಟೆಯ ಬಿಪಿ ಮತ್ತು ಉಸಿರಾಟವನ್ನು ನೋಡದೆಯೇ ಚಾರ್ಟಿನಲ್ಲಿ ಬರೆದಿದ್ದೀರಿ ಎಂಬುದು ಆರೋಪ. ಇದು ಕೈಪಿಡಿಯ ಇಂಥ ನಿಯಮಕ್ಕೆ ವಿರುದ್ಧ." ಜೊತೆಗೆ ಪುರಾವೆಗಳ ಪ್ರತಿ, ವಿಚಾರಣೆಯ ದಿನ, ಸ್ಥಳ, ಸಮಿತಿಯವರ ಹೆಸರು, ಗರಿಷ್ಠ ಶಿಕ್ಷೆ ಏನಾಗಬಹುದು, ಜೊತೆಗೊಬ್ಬರನ್ನು ಕರೆತರಬಹುದೇ ಎಂಬುದು. ಉತ್ತರಕ್ಕೆ ಕನಿಷ್ಠ 5ರಿಂದ 7 ಕೆಲಸದ ದಿನ ಕೊಡಿ. ನೋಟಿಸಿನಲ್ಲಿಲ್ಲದ ಆರೋಪವನ್ನು ವಿಚಾರಣೆಯ ದಿನ ಹೊಸದಾಗಿ ಎತ್ತುವಂತಿಲ್ಲ. ಹೊಸದು ಸಿಕ್ಕಿದ್ದರೆ ಹೊಸ ನೋಟಿಸ್, ಹೊಸ ಗಡುವು.

ಆತುರದ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಕಾನ್ಸಾಸ್ ರಾಜ್ಯದ ಪ್ರಕರಣ ನೋಡಿ. 2010ರ ನವೆಂಬರಿನಲ್ಲಿ ಮಾಸುವಿನ ಜೊತೆ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದಕ್ಕೆ ನಾಲ್ವರು ನರ್ಸಿಂಗ್ ವಿದ್ಯಾರ್ಥಿನಿಯರನ್ನು ಕಾಲೇಜು ಹೊರಹಾಕಿತು. ಒಬ್ಬಾಕೆ ಕೋರ್ಟಿಗೆ ಹೋದಳು. 2011ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರು ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಹೇಳಿದರು. ಫೋಟೋದಲ್ಲಿ ರೋಗಿಯನ್ನು ಗುರುತಿಸುವಂಥದ್ದೇನೂ ಇರಲಿಲ್ಲ. ಅಭಿರುಚಿಗೇಡು ಎನ್ನಬಹುದಾದ ಒಂದು ನಡತೆಗೆ ನೇರ ಉಚ್ಚಾಟನೆಯ ತೂಕ ಇಟ್ಟಿದ್ದು ನಿಲ್ಲಲಿಲ್ಲ.

ವಿಚಾರಣೆಯ ದಿನ

ಸಮಿತಿ ಬೆಸಸಂಖ್ಯೆಯಲ್ಲಿರಲಿ, ಮೂವರು ಅಥವಾ ಐವರು. ದೂರು ಕೊಟ್ಟವರು ಅದರಲ್ಲಿ ಕೂರಬಾರದು. ಆ ವಿಷಯ ಕಲಿಸುವ ಒಬ್ಬರು, ಬೇರೆ ವಿಭಾಗದ ಒಬ್ಬರು ಇರಲಿ. ಮೇಲ್ಮನವಿ ಪ್ರಾಂಶುಪಾಲರಿಗೆ ಹೋಗುವುದಾದರೆ ಪ್ರಾಂಶುಪಾಲರೂ ಇಲ್ಲಿ ಬೇಡ.

ಕ್ರಮ ಸರಳ: ಆರೋಪ ಓದುವುದು, ದೂರು ಕೊಟ್ಟವರ ಹೇಳಿಕೆ, ವಿದ್ಯಾರ್ಥಿಯ ಪ್ರಶ್ನೆಗಳು, ವಿದ್ಯಾರ್ಥಿಯ ಹೇಳಿಕೆ, ಸಮಿತಿಯ ಪ್ರಶ್ನೆಗಳು, ಕೊನೆಯ ಮಾತು ವಿದ್ಯಾರ್ಥಿಯದ್ದು. ರೋಗಿಯನ್ನು ಸಾಕ್ಷಿಗೆ ಎಳೆಯಬೇಡಿ. ಒಬ್ಬರು ಟಿಪ್ಪಣಿ ಬರೆಯಲಿ, ಮುಗಿದ ಮೇಲೆ ಅದನ್ನು ಓದಿ ಎಲ್ಲರ ಸಹಿ ಪಡೆಯಲಿ. ಪ್ರಶ್ನೆ ಹಾಕುವಾಗ "ಯಾಕೆ ಸುಳ್ಳು ಬರೆದೆ?" ಎಂದು ಶುರುಮಾಡಿದರೆ ತೀರ್ಪು ಮೊದಲೇ ಆಗಿಹೋಗಿದೆ ಎಂದಾಯಿತು. "ಆ ದಿನ 9ರಿಂದ 11ರವರೆಗೆ ಏನೇನು ಮಾಡಿದಿರಿ, ಸಾಲಾಗಿ ಹೇಳಿ" ಎಂದು ಕೇಳಿ. ಸಾಲಾಗಿ ಹೇಳಿಸಿದಾಗಲೇ ಆ ಪಾಳಿಯಲ್ಲಿ ಒಬ್ಬಳಿಗೆ ಹದಿನಾಲ್ಕು ರೋಗಿಗಳಿದ್ದರು, ಬಿಪಿ ಯಂತ್ರ ಒಂದೇ ಇತ್ತು ಎಂಬಂಥ ಸಂಗತಿಗಳೂ ಹೊರಬರುವುದು. ಸುಳ್ಳಿಗೆ ಅದು ಸಮರ್ಥನೆಯಾಗದು, ಆದರೆ ಶಿಕ್ಷೆ ತೂಗುವಾಗ ತಕ್ಕಡಿಯಲ್ಲಿ ಇರಬೇಕು, ಆಸ್ಪತ್ರೆಗೆ ಬರೆಯುವ ಪತ್ರದಲ್ಲೂ ಇರಬೇಕು.

ಪುರಾವೆಯ ಮಟ್ಟ ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯಗಳದ್ದು: ನಡೆದಿರುವ ಸಾಧ್ಯತೆ ನಡೆಯದಿರುವುದಕ್ಕಿಂತ ಹೆಚ್ಚೇ? ಕೊಲೆ ಮೊಕದ್ದಮೆಯಷ್ಟು ಬೇಕಿಲ್ಲ. ಆದರೂ ಉಚ್ಚಾಟನೆಯಂಥ ಶಿಕ್ಷೆ ಎದುರಿದ್ದಾಗ "ಅನಿಸುತ್ತದೆ" ಎಂಬುದರ ಮೇಲೆ ಕೈ ಎತ್ತಬೇಡಿ. ಮೊದಲು ನಡೆದಿದೆಯೋ ಇಲ್ಲವೋ ತೀರ್ಮಾನಿಸಿ, ಬರೆದಿಡಿ. ಹಳೆಯ ಪ್ರಕರಣಗಳ ಕಡತ ತೆರೆಯುವುದು ಆಮೇಲೆ, ಶಿಕ್ಷೆಯ ಹಂತದಲ್ಲಿ.

ಶಿಕ್ಷೆ ತೂಗುವುದು

ನೋಡಬೇಕಾದದ್ದು: ರೋಗಿಗೆ ಏನಾಯಿತು ಅಥವಾ ಏನಾಗಬಹುದಿತ್ತು, ಬೇಕೆಂದೇ ಮಾಡಿದ್ದೋ, ಕೇಳಿದಾಗ ಒಪ್ಪಿಕೊಂಡರೋ, ಮುಚ್ಚಲು ಇನ್ನೊಂದು ಸುಳ್ಳು ಸೇರಿಸಿದರೋ, ಮೊದಲ ಸಲವೋ, ಯಾವ ವರ್ಷದವರು. ಮೊದಲ ವರ್ಷದವಳು ನಿಯೋಜಿತ ಬರಹದಲ್ಲಿ ಉದ್ಧರಣ ಚಿಹ್ನೆ ಹಾಕದೆ ಒಂದು ಪ್ಯಾರಾ ಇಳಿಸಿದ್ದರೆ ಮತ್ತೆ ಬರೆಸಿ, ಅಂಕಕ್ಕೆ ಮಿತಿ ಹಾಕಿದರೆ ಮುಗಿಯಿತು. ಕೊನೆಯ ವರ್ಷದವನು ಇಡೀ ಕೇಸ್ ಸ್ಟಡಿ ದುಡ್ಡು ಕೊಟ್ಟು ಬರೆಸಿದ್ದರೆ ಆ ವಿಷಯದಲ್ಲಿ ಸೊನ್ನೆ, ಬಹುಶಃ ಒಂದು ಅವಧಿಯ ಅಮಾನತು. ಸುಳ್ಳು ಚಾರ್ಟಿಂಗ್ ಮೊದಲ ಸಲವೇ ಆದರೂ ಆ ಪೋಸ್ಟಿಂಗಿನ ಗಂಟೆಗಳು ರದ್ದು, ಮತ್ತೆ ಮೇಲ್ವಿಚಾರಣೆಯಲ್ಲಿ ಪೂರ್ತಿ ಮಾಡಬೇಕು; ರೋಗಿಗೆ ಹಾನಿಯಾಗಿದ್ದು, ಕೇಳಿದಾಗಲೂ ಮುಚ್ಚಿಟ್ಟಿದ್ದರೆ ಉಚ್ಚಾಟನೆಯವರೆಗೆ ಹೋಗುವುದು ಅತಿಯಲ್ಲ. ಇದು ಅಂಕಗಣಿತವಲ್ಲ, ಆದರೆ ಇಂಥದ್ದೊಂದು ಪಟ್ಟಿ ಮೊದಲೇ ಇದ್ದರೆ ಯಾರ ಮಗಳು, ಯಾರ ಶಿಫಾರಸು ಎಂಬುದಕ್ಕೆ ಜಾಗ ಕಡಿಮೆ.

ಮೂರು ಶಿಕ್ಷೆಗಳನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಹೆಚ್ಚುವರಿ ರಾತ್ರಿ ಪಾಳಿ: ರೋಗಿಯ ಸೇವೆಯನ್ನೇ ದಂಡವಾಗಿಸಿ, ನಿದ್ದೆಗೆಟ್ಟ, ಮುನಿದ ವಿದ್ಯಾರ್ಥಿಯನ್ನು ವಾರ್ಡಿಗೆ ಕಳಿಸಿದಂತೆ. ಇಡೀ ಬ್ಯಾಚಿಗೆ ದಂಡ: ಮುಂದೆ ಯಾರೂ ಯಾರ ಬಗ್ಗೆಯೂ ಬಾಯಿ ಬಿಡುವುದಿಲ್ಲ. ಹಾಗೇ "ಪ್ರಾಮಾಣಿಕತೆಯ ಮಹತ್ವ" ಕುರಿತ ಪ್ರಬಂಧ. ಅದನ್ನೂ ನಕಲು ಹೊಡೆಯುತ್ತಾರೆ. ಅದರ ಬದಲು, ಬರೆದ ಆ ಸುಳ್ಳು ಅಂಕಿಯಿಂದ ಮುಂದಿನ 8 ಗಂಟೆಯಲ್ಲಿ ಆ ರೋಗಿಯ ಚಿಕಿತ್ಸೆ ಹೇಗೆಲ್ಲ ತಪ್ಪಬಹುದಿತ್ತು ಎಂದು ಬೋಧಕರ ಎದುರು ಕೂತು ಹಂತಹಂತವಾಗಿ ಬಿಡಿಸಲಿ.

ಆದೇಶ, ಮೇಲ್ಮನವಿ, ದಾಖಲೆ

ಆದೇಶದಲ್ಲಿ ಏನು ಸಾಬೀತಾಯಿತು, ಯಾವ ಪುರಾವೆಯಿಂದ, ವಿದ್ಯಾರ್ಥಿಯ ವಾದವನ್ನು ಏಕೆ ಒಪ್ಪಲಿಲ್ಲ, ಶಿಕ್ಷೆ ಏನು, ಯಾವ ದಿನಾಂಕದಿಂದ, ಮೇಲ್ಮನವಿ ಯಾರಿಗೆ, ಯಾವ ತಾರೀಖಿನೊಳಗೆ ಎಂಬುದು ಬರಬೇಕು. ಮೇಲ್ಮನವಿ ಎಂದರೆ ಇಡೀ ವಿಚಾರಣೆ ಮತ್ತೊಮ್ಮೆ ಎಂದಲ್ಲ. ಕ್ರಮ ತಪ್ಪಿದೆ, ಹೊಸ ಪುರಾವೆ ಸಿಕ್ಕಿದೆ, ಪಕ್ಷಪಾತ ಆಗಿದೆ, ಶಿಕ್ಷೆ ಅತಿಯಾಗಿದೆ ಎಂಬ ನಾಲ್ಕು ನೆಲೆಗಳಲ್ಲಿ ಅದನ್ನು ಕೇಳಿದರೆ ಸಾಕು. ಕೇಳುವವರು ಮಾತ್ರ ಮೊದಲಿನವರಲ್ಲದವರಾಗಿರಬೇಕು.

ನೋಂದಣಿ ಮಂಡಳಿಗೆ ಏನು ತಿಳಿಸಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ನರ್ಸಿಂಗ್ ಕಲಿಸುವ ಸಂಸ್ಥೆಗಳು ವೃತ್ತಿಗೆ ಯೋಗ್ಯತೆ ಪರಿಶೀಲಿಸುವ ಪ್ರತ್ಯೇಕ ವ್ಯವಸ್ಥೆ ಇಟ್ಟುಕೊಳ್ಳಲೇಬೇಕು, ನೋಂದಣಿಗೆ ಮುನ್ನ ವಿದ್ಯಾರ್ಥಿಯ ಆರೋಗ್ಯ ಮತ್ತು ನಡತೆಯ ಬಗ್ಗೆ ಸಂಸ್ಥೆ ದೃಢೀಕರಣ ಕೊಡಬೇಕು. ನಿಮ್ಮಲ್ಲಿ ಏನಿದೆಯೋ ಅದನ್ನು ನಿಯಮದಲ್ಲೇ ಬರೆದಿಡಿ. ಕಾಲೇಜು ಬಿಟ್ಟು ಹೋಗುತ್ತೇನೆ ಎಂದ ಕೂಡಲೇ ಕಡತ ಮುಚ್ಚಿ, ವರ್ಗಾವಣೆ ಪತ್ರದಲ್ಲಿ "ನಡತೆ: ಉತ್ತಮ" ಎಂದು ಬರೆದು ಕಳಿಸುವುದು ಪಕ್ಕದ ಊರಿನ ರೋಗಿಗೆ ಮಾಡುವ ದ್ರೋಹ.

ನೋಟಿಸ್ ಬಂದ ವಿದ್ಯಾರ್ಥಿಗೆ

ಆ ದಿನವೇ ಉತ್ತರ ಬರೆಯಬೇಡಿ, ಗಡುವನ್ನೂ ಮೀರಿಸಬೇಡಿ. ಆ ಪಾಳಿಯಲ್ಲಿ ನಡೆದದ್ದನ್ನು ಗಂಟೆವಾರು ನೆನಪಿರುವಾಗಲೇ ಬರೆದಿಟ್ಟುಕೊಳ್ಳಿ. ಪುರಾವೆಗಳ ಪ್ರತಿ ಕೇಳಿ ಪಡೆಯಿರಿ. ಚಾರ್ಟು ತಿದ್ದಲು, ಗೆಳತಿಗೆ "ನಾನು ಇದ್ದೆ ಅಂತ ಹೇಳು" ಎಂದು ಮೆಸೇಜು ಮಾಡಲು ಹೋಗಬೇಡಿ. ಮೂಲ ತಪ್ಪಿಗಿಂತ ಅದೇ ಭಾರವಾಗುತ್ತದೆ. ಮಾಡಿದ್ದು ಹೌದಾದರೆ ಒಪ್ಪಿಕೊಳ್ಳಿ, ಆದರೆ ಮಾಡಿದಷ್ಟನ್ನೇ ಒಪ್ಪಿಕೊಳ್ಳಿ: ಎರಡು ರೋಗಿಗಳ ಬಿಪಿ ನೋಡಲಿಲ್ಲ ಎಂದಾದರೆ ಎರಡೇ, ಒತ್ತಡಕ್ಕೆ ಮಣಿದು ಆರಕ್ಕೂ ಹೂಂ ಎನ್ನಬೇಡಿ. ಮನೆಯವರಿಗೆ ನೀವೇ ಹೇಳಿ, ಬೇರೆಯವರಿಂದ ತಿಳಿಯುವುದಕ್ಕಿಂತ ಅದು ಮೇಲು. ನಿದ್ದೆ ಊಟ ಬಿಟ್ಟು ಒಬ್ಬರೇ ಕೂರುವ ಹಂತಕ್ಕೆ ಬಂದರೆ ಕಾಲೇಜಿನ ಆಪ್ತ ಸಲಹೆಗಾರರ ಬಳಿ ಅದೇ ದಿನ ಹೋಗಿ. ಬೋಧಕರೂ ಇದನ್ನು ಗಮನಿಸುತ್ತಿರಬೇಕು. ನೋಟಿಸ್ ಕೊಡುವಾಗ ಹಾಸ್ಟೆಲ್ ವಾರ್ಡನ್‌ಗೆ, ಕಾರಣ ಹೇಳದೆ, ಕಣ್ಣಿಟ್ಟಿರಲು ಮಾತ್ರ ಹೇಳಿ.

ಮರಳಿ ವಾರ್ಡಿಗೆ

ಶಿಕ್ಷೆ ಮುಗಿಸಿ ಬಂದವಳನ್ನು ಸುಮ್ಮನೆ ಪಾಳಿ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳಬೇಡಿ. ಹಳೆಯ ವಾರ್ಡಿಗೆ ಬೇಡ, ಬೇರೆ ವಾರ್ಡು ಕೊಡಿ. ಅಲ್ಲಿ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಮತ್ತು ಇನ್‌ಚಾರ್ಜ್‌ಗೆ ಮಾತ್ರ ವಿಷಯ ಗೊತ್ತಿರಲಿ. ಮೊದಲ ಎರಡು ವಾರ ಪ್ರತಿ ಪಾಳಿಯಲ್ಲಿ ಯಾವುದಾದರೂ ಎರಡು ರೋಗಿಗಳ ವೈಟಲ್ಸನ್ನು ಇನ್‌ಸ್ಟ್ರಕ್ಟರ್ ಹದಿನೈದು ನಿಮಿಷದೊಳಗೆ ಮತ್ತೆ ನೋಡಿ, ಎರಡೂ ಅಂಕಿಯನ್ನು ಪಕ್ಕಪಕ್ಕ ಬರೆದಿಡಲಿ. ಬಿಪಿ ಒಂದೇ ಬರಬೇಕೆಂದಿಲ್ಲ, ನಾಲ್ಕೈದರ ವ್ಯತ್ಯಾಸ ಸಹಜ. ಮೂರನೇ ವಾರ ವಾರಕ್ಕೆರಡು ಸಲ, ನಾಲ್ಕನೇ ವಾರ ಒಂದು ಸಲ. ಎಲ್ಲ ಸರಿಯಿದ್ದರೆ ಹಾಳೆಗೆ ಸಹಿ ಹಾಕಿ ಕಡತಕ್ಕೆ ಸೇರಿಸಿ, ಇನ್ನು ಮೇಲೆ ನಿಮ್ಮನ್ನು ಪ್ರತ್ಯೇಕವಾಗಿ ನೋಡುವುದಿಲ್ಲ ಎಂದು ಆಕೆಗೆ ಬಾಯಿಬಿಟ್ಟು ಹೇಳಿ.